ಈಶಾನ್ಯ ಮೂಲೆಯ ಬಾವುಟ

ನನ್ನ ಗಂಡನ ನೌಕರಿ ಗಾಳಿ ನೋಡುವುದು. ಮದುವೆಯಾದ ಹೊಸತರಲ್ಲಿ ಯಾರಾದರೂ ಅಳಿಯ ಏನು ಮಾಡುತ್ತಾನೆ ಎಂದು ಕೇಳಿದರೆ ನಮ್ಮಮ್ಮ ಮದಾರಬೀ ಸೆರಗು ಸರಿಮಾಡಿಕೊಂಡು, ವಿಮಾನದ ಆಫೀಸಿನಲ್ಲಿದ್ದಾನೆ ಎನ್ನುತ್ತಿದ್ದಳು. ಕೇಳಿದವರು ಪೈಲಟ್ಟೇ ಇರಬೇಕು ಅಂದುಕೊಂಡು ಹುಬ್ಬೇರಿಸುವಷ್ಟರಲ್ಲಿ ನಾನು ನಡುವೆ ಬಾಯಿ ಹಾಕಿ, ವಿಮಾನ ಹಾರಿಸುವುದು ಬೇರೆಯವರು, ಹಾರಬೇಡ ಎನ್ನುವುದಷ್ಟೇ ಇವರ ಕೆಲಸ ಎಂದು ಹೇಳಿ ಅಮ್ಮನಿಂದ ಬೈಸಿಕೊಳ್ಳುತ್ತಿದ್ದೆ.

ಎಪ್ಪತ್ತರ ದಶಕದ ಮಾತು. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪದ ಕಡೆ ಕಣ್ಣು ಹಾಯುವಷ್ಟು ದೂರ ಭತ್ತ. ಭತ್ತದ ಬೆನ್ನಿಗೆ ಹುಳ, ಹುಳದ ಬೆನ್ನಿಗೆ ಔಷಧಿ. ಕೈಪಂಪಿನಿಂದ ಹೊಡೆದು ಮುಗಿಯುವ ಮಾತಲ್ಲವೆಂದು ಒಂದು ಸಣ್ಣ ವಿಮಾನವೂ ಬಂತು. ಅದು ಬಳ್ಳಾರಿಯ ವಿಮಾನ ನಿಲ್ದಾಣದಲ್ಲಿ ತಂಗುತ್ತಿತ್ತು. ಹಂಗಾಮಿನಲ್ಲಿ ಸಿರುಗುಪ್ಪದ ಹೊರಗೆ ಮಣ್ಣು ಬಡಿದು ಮಾಡಿದ ಪಟ್ಟಿಯ ಮೇಲೆ ಇಳಿದು, ಹೊಟ್ಟೆ ತುಂಬ ಔಷಧಿ ತುಂಬಿಕೊಂಡು, ತೆನೆಗೆ ತಾಗಿತೇನೋ ಅನ್ನುವ ಹಾಗೆ ಹಾರಿ ಸಿಂಪಡಿಸುತ್ತಿತ್ತು. ಔಷಧಿ ಎಂದು ಕರೆದ ಮಾತ್ರಕ್ಕೆ ವಿಷ ವಿಷವಾಗದೆ ಇರುತ್ತದೆಯೇ? ಅದು ಹುಳಕ್ಕೆ ಬಿಟ್ಟು ಇನ್ನಾರಿಗೂ ತಾಗದಂತೆ ನೋಡಿಕೊಳ್ಳಲು ನೇಮಿಸಿದ ಅಧಿಕಾರಿಯೇ ಇವರು, ಸೈಫುದ್ದೀನ್. ವಿಮಾನದ ಟ್ಯಾಂಕು ತೊಳೆದ ನೀರು ಕಾಲುವೆ ಸೇರಬಾರದು, ಸಿಂಪಡಿಸುವ ದಿನ ಊರ ಬಾವಿಗೆ ತಾಡಪತ್ರಿ ಮುಚ್ಚಬೇಕು, ದನ ಹೊರಗೆ ಬಿಡಬಾರದು, ಎಲ್ಲಕ್ಕಿಂತ ಮೊದಲು ಗಾಳಿ ಯಾವ ಕಡೆಯಿಂದ ಎಷ್ಟು ಬೀಸುತ್ತಿದೆ ನೋಡಬೇಕು. ಗಾಳಿ ಹೆಚ್ಚಿದ್ದರೆ ಇವರು ಕೆಂಪು ಬಾವುಟ ಎತ್ತುತ್ತಿದ್ದರು. ಆಮೇಲೆ ಪೈಲಟ್ ಎಷ್ಟು ಹಾರಾಡಿದರೂ ವಿಮಾನ ಹಾರುತ್ತಿರಲಿಲ್ಲ.

ಸಿರುಗುಪ್ಪದ ಜನ ಇವರಿಗೆ ಗಾಳಿಸಾಬ ಎಂದು ಹೆಸರಿಟ್ಟರು. ಗಾಳಿ ಬಂದಾಗ ತೂರಿಕೋ ಎನ್ನುವುದು ಊರಿಗೆಲ್ಲ ಗಾದೆ, ನನ್ನ ಗಂಡನಿಗೆ ಮಾತ್ರ ಗಾಳಿ ಬಂದಾಗ ಸುಮ್ಮನೆ ಕೂರುವ ಕೆಲಸ ಎಂದು ನಾನೂ ಛೇಡಿಸುತ್ತಿದ್ದೆ. ಕೌಲ್ ಬಜಾರಿನ ನಮ್ಮ ಮನೆಯ ಮಾಳಿಗೆಯ ಮೇಲೂ ಬೆಳಗ್ಗೆ ಎದ್ದು ಬೆರಳು ಒದ್ದೆ ಮಾಡಿ ಎತ್ತಿ ಹಿಡಿಯುವರು. ಬಟ್ಟೆ ಒಣಹಾಕಲು ಬಂದ ನನಗೆ, ಆ ಕಡೆ ಬೇಡ, ಈ ಕಡೆ ಹಾಕು ಎನ್ನುವರು. ನಾನು ಕನ್ನಡ ಶಾಲೆಯ ಟೀಚರು, ಇಡೀ ದಿನ ಮಕ್ಕಳಿಗೆ ಹೇಳಿ ಹೇಳಿ ಸಾಕಾದವಳು. ಮನೆಯಲ್ಲೂ ನನಗೇ ಪಾಠವೇ ಎಂದು ಬೇಕಂತಲೇ ಆ ಕಡೆಯೇ ಹಾಕುತ್ತಿದ್ದೆ.

ಇವರ ಜೀವದ ಗೆಳೆಯ ಉಜ್ಜಿನಪ್ಪ. ಇಬ್ಬರೂ ಕುರುಗೋಡಿನವರು, ಒಂದೇ ಓಣಿ, ಒಂದೇ ಸಾಲೆ. ದೊಡ್ಡಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕೂತು ಇಬ್ಬರೂ ಮಗ್ಗಿ ಬಾಯಿಪಾಠ ಮಾಡಿದವರು. ಇವರು ಓದಿ ಅಧಿಕಾರಿಯಾದರು. ಉಜ್ಜಿನಪ್ಪನ ಅಪ್ಪ ಕಾಲುವೆ ಬಂದಾಗ ಕುರುಗೋಡಿನ ಒಣಹೊಲ ಮಾರಿ ಸಿರುಗುಪ್ಪದ ಪಕ್ಕದ ಹಳ್ಳಿಯಲ್ಲಿ ನೀರಾವರಿ ಗದ್ದೆ ಹಿಡಿದಿದ್ದ, ಮಗ ಅದನ್ನೇ ನೋಡಿಕೊಂಡ. ಅಪ್ಪ ತೀರಿಕೊಂಡಾಗ ಗದ್ದೆಯ ನೈರುತ್ಯ ಮೂಲೆಯ ದಿಬ್ಬದಲ್ಲೇ ಗದ್ದುಗೆ ಮಾಡಿದ್ದರು. ಉಜ್ಜಿನಪ್ಪನ ಹೆಂಡತಿ ಪಾರಮ್ಮ ಇವರನ್ನು ಅಣ್ಣ ಎನ್ನುವಳು, ನನ್ನನ್ನು ಅತ್ತಿಗೆ. ಪಂಚಮಿಗೆ ಅವಳ ಉಂಡಿ ನಮ್ಮ ಮನೆಗೆ ಬಾರದೆ ಇದ್ದ ವರ್ಷವಿಲ್ಲ. ನಮ್ಮ ಈದಿನ ಶಾವಿಗೆಯ ಸುರಕುಂಬಾ ಕುಡಿಯಲು ಉಜ್ಜಿನಪ್ಪ ಡಬ್ಬಿ ತುಂಬ ಬೆಣ್ಣೆ ಹಿಡಿದು ಬಸ್ಸಿಳಿಯುವನು. ಕುಡಿದ ಮೇಲೆ, ಸಕ್ಕರೆ ಕಡಿಮೆ ಆಗೇತಿ ತಂಗಿ ಎಂದು ಪ್ರತಿ ಸಲ ಹೇಳುವನು.

ವಿಮಾನದ ಕೆಲಸಕ್ಕೆ ಅವನು ತಾನಾಗಿಯೇ ಬಂದ. ಮೇಲಿನಿಂದ ನೋಡುವ ಪೈಲಟ್ಟಿಗೆ ಗದ್ದೆಯೆಲ್ಲ ಒಂದೇ ಹಸಿರು. ಎಲ್ಲಿಯವರೆಗೆ ಸಿಂಪಡಿಸಿಯಾಯಿತು, ಎಲ್ಲಿಂದ ಬಾಕಿ ಎಂದು ತಿಳಿಯಲು ಗದ್ದೆಯ ಒಂದು ತುದಿಯಲ್ಲಿ ಸುಣ್ಣ ಬಳಿದ ಗೂಟಗಳು, ಇನ್ನೊಂದು ತುದಿಯಲ್ಲಿ ಬಿದಿರಿಗೆ ಬಿಳಿ ಬಟ್ಟೆ ಕಟ್ಟಿ ಹಿಡಿದ ಒಬ್ಬ ಮನುಷ್ಯ. ವಿಮಾನ ಒಮ್ಮೆ ಹಾದುಹೋದ ಮೇಲೆ ಅವನು ಹತ್ತಿಪ್ಪತ್ತು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಬಾವುಟ ಎತ್ತಬೇಕು. ಹೀಗೆ ಗದ್ದೆಯ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ನಡೆಯಬೇಕು. ಊರಿಗೊಬ್ಬ ಬಾವುಟದವನು ಬೇಕೆಂದಾಗ ಉಜ್ಜಿನಪ್ಪ ಮೀಸೆ ತಿರುವಿ, ಎತ್ತು ಹೊಡೆದದ್ದಾಯಿತು, ಇನ್ನು ವಿಮಾನ ಹೊಡೆಯುತ್ತೇನೆ ಎಂದ. ಊರೆಲ್ಲ ನಕ್ಕಿತು, ಅವನಿಗೇ ಕೆಲಸ ಕೊಟ್ಟಿತು.

ಆ ಕೆಲಸದಲ್ಲಿ ಕಲಿಯಬೇಕಾದ್ದು ಒಂದೇ. ಗಾಳಿ ಎತ್ತ ಹೋಗುತ್ತಿದೆಯೋ ಆ ಮಗ್ಗುಲಿನಿಂದ ಶುರುಮಾಡಿ, ಗಾಳಿ ಬರುವ ಕಡೆಗೆ ನಡೆಯಬೇಕು. ಆಗ ಸಿಂಪಡಿಸಿದ್ದು ಬೆನ್ನ ಹಿಂದೆ ತೇಲಿ ಹೋಗುತ್ತದೆ. ತಿರುಗಾಮುರುಗಾ ನಡೆದರೆ ಪ್ರತಿ ಸಲವೂ ವಿಷ ಮೈಮೇಲೆ ಬರುತ್ತದೆ. ಆಷಾಢದಲ್ಲಿ ಇವರು ಹಳ್ಳಿ ಹಳ್ಳಿಗೆ ಹೋಗಿ ಇದನ್ನು ಹೇಳಿಕೊಟ್ಟರು. ಆಫೀಸಿನಿಂದ ಕೊಟ್ಟ ದೊಡ್ಡ ಪಟ ಬಿಡಿಸಿ ಬಾಣದ ಗುರುತು ತೋರಿಸಿ, ಡಿಗ್ರಿ, ವೇಗ, ತೇಲುವ ಹನಿ ಎಂದೆಲ್ಲ ವಿವರಿಸಿದರಂತೆ. ಕೂತವರು ಪಟ ನೋಡಿದರು, ಇವರ ಮುಖ ನೋಡಿದರು, ಬೀಡಿ ಹಚ್ಚಿದರು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಇವರ ಮುಖ ಅರಳಿತ್ತು. ಒಂದು ಉಪಾಯ ಮಾಡಿದೆ ನೂರಜಹಾನ್ ಎಂದರು. ಆಷಾಢದ ಗಾಳಿ ಪಡುವಣದಿಂದ ಮೂಡಣಕ್ಕೆ ಬೀಸುತ್ತದೆ, ಹಾಗಾಗಿ ಶುರುಮಾಡಬೇಕಾದ್ದು ಮೂಡಣದ ಮಗ್ಗುಲಿನಿಂದ. ರೈತರು ಯಾವ ಕೆಲಸವಾದರೂ ಶುರುಮಾಡುವುದು ಈಶಾನ್ಯ ಮೂಲೆಯಿಂದ. ಅಲ್ಲಿ ಕಲ್ಲಿಗೆ ಸುಣ್ಣ ಹಚ್ಚಿ, ಕಾಯಿ ಒಡೆದು, ಆಮೇಲೆ ಗದ್ದೆಗೆ ಕಾಲಿಡುವುದು. ಕುರುಗೋಡಿನಲ್ಲಿ ಹುಟ್ಟಿದವರಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಇವರು ಪಟ ಸುತ್ತಿಟ್ಟು, ನಿಮ್ಮ ದೇವರ ಮೂಲೆಯಿಂದ ಶುರುಮಾಡಿ ಪಡುವಣಕ್ಕೆ ನಡೆಯಿರಿ, ಅಷ್ಟು ಸಾಕು ಎಂದುಬಿಟ್ಟರಂತೆ. ಬೀಡಿ ಕೆಳಗಿಟ್ಟು ಎಲ್ಲರೂ ತಲೆದೂಗಿದರಂತೆ. ನಮ್ಮ ಸಾಬರಿಗೆ ನಮ್ಮ ಪದ್ಧತಿ ಗೊತ್ತೈತಿ ಎಂದು ಊರ ಹಿರಿಯ ಮರಿಬಸಪ್ಪ ಬೆನ್ನು ತಟ್ಟಿದನಂತೆ.

ನಾನು ರೊಟ್ಟಿ ಹಾಕುತ್ತ, ಪಡುವಣಕ್ಕೆ ಮುಖ ಮಾಡಿ ನಮಾಜು ಮಾಡುವವರು ಈಶಾನ್ಯದ ಪಾಠ ಹೇಳಿ ಬಂದಿರಲ್ಲ ಎಂದು ನಕ್ಕೆ. ಅವರೂ ನಕ್ಕರು. ಆ ಹಂಗಾಮಿನಲ್ಲಿ ಒಬ್ಬ ಬಾವುಟದವನಿಗೂ ತಲೆನೋವು ಸಹ ಬರಲಿಲ್ಲ.

ಕಾರ್ತಿಕದಲ್ಲಿ ಗಾಳಿ ತಿರುಗಿತು. ಮೂಡಗಾಳಿ ಶುರುವಾಯಿತು. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಜಿಗಿಹುಳ ಬಿದ್ದು ಗದ್ದೆಗಳು ಸುಟ್ಟಂತೆ ಕಂದಾಗತೊಡಗಿದವು. ವಿಮಾನ ಮತ್ತೆ ಬಂತು. ಇವರು ಮತ್ತೆ ಹಳ್ಳಿಗಳಿಗೆ ಹೋದರು. ಈಗ ಹೇಳಬೇಕಾದ್ದು ಆಷಾಢದ ಮಾತಿಗೆ ಪೂರ್ತಿ ಉಲ್ಟಾ: ನೈರುತ್ಯದಿಂದ ಶುರುಮಾಡಿ, ಮೂಡಣಕ್ಕೆ ನಡೆಯಿರಿ. ಯಾಕೆ ಎಂದು ಮರಿಬಸಪ್ಪ ಕೇಳಿದನಂತೆ. ಗಾಳಿಯ ವಿಚಾರ ಈ ರೈತರ ತಲೆಗೆ ಹತ್ತುವುದಿಲ್ಲ ಎಂದು ನನ್ನ ಗಂಡ ಆಷಾಢದಲ್ಲೇ ತೀರ್ಮಾನಿಸಿದ್ದರು. ಹುಳ ದಿನದಿಂದ ದಿನಕ್ಕೆ ಹಬ್ಬುತ್ತಿತ್ತು, ಇನ್ನೂ ಹತ್ತು ಊರು ಬಾಕಿಯಿತ್ತು. ವಿಮಾನದ ನಿಯಮ ಬದಲಾಗಿದೆ ಎಂದು ಹೇಳಿ ಜೀಪು ಹತ್ತಿದರು. ಎಲ್ಲರೂ ತಲೆಯಾಡಿಸಿದರು. ಮನೆಗೆ ಬಂದವರ ಎದುರು ಅಲ್ಲಗಳೆದು ಮಾತಾಡಬಾರದು ಎಂಬುದು ನಮ್ಮ ಕಡೆಯ ಮರ್ಯಾದೆ. ಆ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ನಾನು ಆಮೇಲೆ ಎಷ್ಟು ಸಲ ಅಂದುಕೊಂಡೆನೋ.

ಸಿಂಪಡಿಸುವ ದಿನ ಇವರು ಇರುತ್ತಿದ್ದುದು ಮಣ್ಣಿನ ಪಟ್ಟಿಯ ಮೇಲೆ. ಅಲ್ಲಿ ಕಂಬಕ್ಕೆ ಕಟ್ಟಿದ ಗಾಳಿಚೀಲ ನೋಡಿ ವಿಮಾನ ಬಿಡಬೇಕು, ಟ್ಯಾಂಕು ತುಂಬಿಸಬೇಕು. ಉಜ್ಜಿನಪ್ಪನ ಊರು ಅಲ್ಲಿಂದ ದೂರ. ಅವತ್ತು ಗಾಳಿ ಮೆಲ್ಲಗೆ ಇತ್ತು, ಮೂಡಣದಿಂದ. ನಿಯಮದ ಪ್ರಕಾರ ಎಲ್ಲ ಸರಿಯಾಗಿತ್ತು. ಇವರು ಹಸಿರು ಬಾವುಟ ಬೀಸಿದರು.

ಊರಲ್ಲಿ ಆದದ್ದು ಬೇರೆ. ಕಾಯಿ ಒಡೆದು ಕೈಮುಗಿದು ಬದುವಿನ ಮೇಲೆ ನಿಂತ ರೈತರು, ಮೊದಲ ಸಲ ದೇವರ ಮೂಲೆಯಿಂದ ಹೊಡೆದದ್ದಕ್ಕೆ ಬೆಳೆ ಉಳಿಯಿತು, ಈಗ ನೈರುತ್ಯದಿಂದ ಯಾಕೆ ಎಂದು ತಕರಾರು ತೆಗೆದರಂತೆ. ಉಜ್ಜಿನಪ್ಪನಿಗೂ ಮನಸ್ಸಿರಲಿಲ್ಲ. ತನ್ನದೇ ಗದ್ದೆಯಲ್ಲಿ ಆ ಮೂಲೆಯಲ್ಲಿ ಅಪ್ಪನ ಗದ್ದುಗೆ. ಅದಕ್ಕೆ ಬೆನ್ನು ಕೊಟ್ಟು ಕೆಲಸ ಶುರುಮಾಡುವುದು ಹೇಗೆ? ಅವನು ಈಶಾನ್ಯದ ಕಲ್ಲಿನ ಪಕ್ಕ ಬಾವುಟ ಎತ್ತಿದ. ಪೈಲಟ್ಟಿಗೆ ಬಾವುಟ ಎಲ್ಲಿ ಕಂಡರೆ ಅಲ್ಲಿ. ವಿಮಾನ ಹಾದುಹೋಯಿತು, ಮೂಡಗಾಳಿ ಆ ಮಂಜನ್ನು ತಂದು ಅವನ ಮೇಲೆ ಹೊದಿಸಿತು. ಅವನು ಪಡುವಣಕ್ಕೆ ಸರಿದು ಮತ್ತೆ ಎತ್ತಿದ. ಮಂಜೂ ಅವನ ಹಿಂದೆಯೇ ಬಂತು. ಒಂದು ಗದ್ದೆಯಲ್ಲ, ಒಂದು ದಿನವಲ್ಲ. ಊರಿನ ಗದ್ದೆಯೆಲ್ಲ ಮುಗಿಯುವವರೆಗೆ ಹಾಗೇ ನಡೆದ. ಹೆಗಲ ವಲ್ಲಿ ಒದ್ದೆಯಾದರೆ ಹಿಂಡಿ ಮತ್ತೆ ಮುಖಕ್ಕೆ ಸುತ್ತಿಕೊಂಡನಂತೆ.

ಮೂರನೆಯ ದಿನ ಮಧ್ಯಾಹ್ನ ಅವನು ಯಾರದೋ ಎತ್ತಿನ ಬಂಡಿಯಲ್ಲಿ ಪಟ್ಟಿಗೆ ಬಂದ. ಕೆಲಸ ಮುಗಿಯಿತು ಎಂದು ಗೆಳೆಯನಿಗೆ ತಾನೇ ಹೇಳುವ ಉಮೇದು. ಚಳಿಯ ದಿನ, ಮೈತುಂಬ ಬೆವರು, ಬಾಯಲ್ಲಿ ಜೊಲ್ಲು, ನಗಲು ಹೋದರೆ ತುಟಿ ಅದುರುತ್ತಿತ್ತು. ಇವರು ಹತ್ತಿರ ಹೋಗಿ ಅವನ ಕಣ್ಣು ನೋಡಿದರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಅದು ವಿಷ ಏರಿದ ಗುರುತೆಂದು ಇವರಿಗೆ ಗೊತ್ತಿತ್ತು. ಅಲ್ಲೇ ಅವನ ಬಟ್ಟೆ ಬಿಚ್ಚಿಸಿ, ಕೊಡಗಟ್ಟಲೆ ನೀರು ಹೊಯ್ದು, ತಮ್ಮ ಅಂಗಿ ತೊಡಿಸಿ ಜೀಪಿನಲ್ಲಿ ಮಲಗಿಸಿ ಬಳ್ಳಾರಿಯ ದಾರಿ ಹಿಡಿದರು.

ದಾರಿಯಲ್ಲಿ ಗೆಳೆಯನ ತಲೆ ಇವರ ತೊಡೆಯ ಮೇಲಿತ್ತು. ಯಾವ ಮೂಲೆಯಿಂದ ನಡೆದೆ ಎಂದು ಇವರು ಕೇಳಿದರು. ಅವನು ಹೇಳಿದ ಮಾತನ್ನು ನನ್ನ ಗಂಡ ನನಗೆ ಎಷ್ಟು ಸಲ ಹೇಳಿದ್ದಾರೆಂದರೆ ನಾನೇ ಆ ಜೀಪಿನಲ್ಲಿ ಇದ್ದೆನೇನೋ ಅನಿಸುತ್ತದೆ.

“ಈಶಾನ್ಯದಿಂದ. ನೀನ ಹೇಳಿದ್ದೆಲ್ಲೋ ಸೈಫ್ಯಾ.”

“ಲೇ, ಮೊನ್ನೆ ಬ್ಯಾರೆ ಹೇಳಿದ್ನೆಲ್ಲ.”

“ಮೊದಲನೇದು ನೀ ಹೇಳಿದ್ದು. ಎರಡನೇದು ಸರಕಾರ ಹೇಳಿಸಿದ್ದು ಅನ್ಕೊಂಡ್ವಿ.”

ಕುರುಗೋಡು ದಾಟುವಾಗ ಅವನು ಗುಡಿ ಬಂತೇನೋ ಎಂದು ಕೇಳಿದನಂತೆ. ಇವರು ಹೂಂ ಅಂದರು. ಕಣ್ಣು ಮಂಜಾಗಿ ಅವನಿಗೆ ಏನೂ ಕಾಣುತ್ತಿರಲಿಲ್ಲ. ಕಾಣದೆಯೇ ಕೈ ಎತ್ತಿ ಮುಗಿದನಂತೆ.

ದೊಡ್ಡಾಸ್ಪತ್ರೆಗೆ ನಾನು ಶಾಲೆಯಿಂದ ಓಡಿದೆ. ಡಾಕ್ಟರು, ನರ್ಸುಗಳು ಕೂತಲ್ಲಿ ಕೂರಲಿಲ್ಲ, ಸೂಜಿಯ ಮೇಲೆ ಸೂಜಿ ಚುಚ್ಚಿದರು. ಮರುದಿನ ಸ್ವಲ್ಪ ಮೇಲಾದ ಹಾಗೆ ಕಂಡಿತು. ಉಜ್ಜಿನಪ್ಪ ಕಣ್ಣು ಬಿಟ್ಟು, ಈ ಸಲ ಈದಿಗೆ ಸಕ್ಕರೆ ಜಾಸ್ತಿ ಹಾಕು ತಂಗಿ ಎಂದ. ಪಾರಮ್ಮ ಮುಸುಮುಸು ಅಳುತ್ತಲೇ ನಕ್ಕಳು. ಇವನು ಉಳಿದ ಎಂದು ನಾನು ದೇವರಿಗೆ ಹರಕೆಯನ್ನೂ ಹೊತ್ತೆ. ಅವತ್ತು ಸಂಜೆಗೇ ಉಸಿರು ಕಟ್ಟತೊಡಗಿತು, ಬೆಳಕು ಹರಿಯುವ ಮುಂಚೆ ಹೋಗಿಬಿಟ್ಟ. ಹಾಸಿಗೆಯ ಪಕ್ಕ ನನ್ನ ಗಂಡ ನಿಂತೇ ಇದ್ದರು. ನಾನು ಭುಜ ಹಿಡಿದು ಕೂರಿಸಿದ ಮೇಲೆಯೇ ಕೂತರು.

ಅಪ್ಪನ ಗದ್ದುಗೆಯ ಪಕ್ಕದಲ್ಲೇ, ಅದೇ ನೈರುತ್ಯ ಮೂಲೆಯಲ್ಲಿ ಅವನನ್ನು ಕೂರಿಸಿ ಮಣ್ಣು ಕೊಟ್ಟರು. ಎಲ್ಲರ ಹಿಂದೆ ನಿಂತಿದ್ದ ಇವರನ್ನು ಮರಿಬಸಪ್ಪ ಕೈಹಿಡಿದು ಮುಂದೆ ತಂದ. ಇವರು ಬಿಲ್ವಪತ್ರೆ ಹಾಕಿ ಒಂದು ಹಿಡಿ ಮಣ್ಣು ಹಾಕಿದರು. ಬೆಳೆ ಚೆನ್ನಾಗಿತ್ತು. ಹುಳ ಸತ್ತು ತೆನೆ ತೂಗುತ್ತಿತ್ತು. ನನಗೆ ಆ ಭತ್ತ ಕಂಡು ಮೈ ಉರಿಯಿತು.

ವಿಚಾರಣೆಗೆ ಮೇಲಿನವರು ಬಂದರು. ಅವರಿಗೆ ವಿಷಯ ಸುಲಭವಾಗಿತ್ತು. ಅಧಿಕಾರಿ ಸರಿಯಾದ ಸೂಚನೆ ಕೊಟ್ಟಿದ್ದಾನೆ, ಜೀಪಿನ ಡ್ರೈವರ್ ಗಾದೆಪ್ಪ ಅದಕ್ಕೆ ಸಾಕ್ಷಿ. ಸತ್ತವನು ಸೂಚನೆ ಮೀರಿ ತನ್ನ ಮೂಢನಂಬಿಕೆಯಿಂದ ಸತ್ತ. ಹಾಗೆಂದು ನೀವು ಒಂದು ಮಾತು ಹೇಳಿ, ನಿಮ್ಮ ನೌಕರಿಗೆ ಏನೂ ಆಗುವುದಿಲ್ಲ ಎಂದರು. ಅವತ್ತು ಮನೆಯಲ್ಲಿ ನಾನೂ ಹಾಗೇ ಹೇಳಿದೆ. ಹೋದವನು ಹೋದ, ಇರುವವರು ಬದುಕಬೇಕಲ್ಲ ಎಂದೆ. ಇವರು ಮೆಲ್ಲಗೆ ಅಂದರು: “ಅವನು ಮೂಢ ಅಲ್ಲ. ನಾ ಹೇಳಿದ್ದನ್ನ ನಂಬಿದ, ಅಷ್ಟ.”

ಮರುದಿನ ವಿಚಾರಣೆಯಲ್ಲಿ ಇವರು, ಈಶಾನ್ಯದಿಂದ ಶುರುಮಾಡಿ ಎಂದು ಕಲಿಸಿದವನು ನಾನೇ ಎಂದರು. ವಿಮಾನ ನಿಲ್ದಾಣದಿಂದ ತೆಗೆದು ಇವರನ್ನು ಬಳ್ಳಾರಿಯ ಒಂದು ಗೋದಾಮಿಗೆ ಹಾಕಿದರು. ಕೆಟ್ಟುಹೋದ ಕೈಪಂಪುಗಳ ನಡುವೆ, ಕಿಟಕಿಯೂ ಇಲ್ಲದ ಕೋಣೆ. ಗಾಳಿಸಾಬನಿಗೆ ಗಾಳಿಯೇ ಇಲ್ಲದ ನೌಕರಿ ಸಿಕ್ಕಿತು ಎಂದು ಓಣಿಯಲ್ಲಿ ಯಾರೋ ನಗೆಯಾಡಿದರು. ಮೊದಲಾಗಿದ್ದರೆ ಆ ಮಾತನ್ನು ನಾನೇ ಆಡುತ್ತಿದ್ದೆ. ಇವರು ಮಾಳಿಗೆ ಹತ್ತುವುದನ್ನು ಬಿಟ್ಟರು. ನಾನು ಬಟ್ಟೆಯನ್ನು ಅವರು ಹೇಳುತ್ತಿದ್ದ ಕಡೆಗೇ ಒಣಹಾಕತೊಡಗಿದೆ. ನೋಡಲು ಅವರು ಬರುತ್ತಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಂದ ನೂರು ಸಲ ಬರೆಸಿದ್ದೇನೆ. ಇವರಿಗೆ ಪಾರಮ್ಮನ ಮುಂದೆ ಆಡಬೇಕಾದ ಮಾತು ಇನ್ನೂ ಬಾಕಿ ಉಳಿದಿತ್ತು. ಆ ಮೂಲೆಯನ್ನು ತೋರಿಸಿದವನು ನಾನು ಎಂದು ಅವಳಿಗೆ ಬಾಯಿಬಿಟ್ಟು ಹೇಳದೆ ಇವರಿಗೆ ಅನ್ನ ಇಳಿಯುತ್ತಿರಲಿಲ್ಲ. ಹೋಗಲು ಧೈರ್ಯವೂ ಇರಲಿಲ್ಲ. ಮುಂದಿನ ಮಳೆಗಾಲದಲ್ಲಿ ಪಾರಮ್ಮನೇ ಹೇಳಿಕಳಿಸಿದಳು. ನಾಟಿ ಶುರುಮಾಡುತ್ತಿದ್ದೇನೆ, ಮನೆಯ ಗಂಡಸು ಇಲ್ಲ, ಅಣ್ಣ ಬಂದು ನಿಲ್ಲಬೇಕು ಎಂದಿದ್ದಳು.

ಹೋದೆವು. ಗದ್ದೆಯಲ್ಲಿ ನೀರು ನಿಂತಿತ್ತು, ಬದುವಿನ ಮೇಲೆ ಭತ್ತದ ಸಸಿಯ ಕಟ್ಟುಗಳು. ಬಳೆಯಿಲ್ಲದ ಕೈ, ಬರಿಹಣೆಯ ಪಾರಮ್ಮ ಕಾಯಿ, ಊದುಬತ್ತಿ ಹಿಡಿದು ಈಶಾನ್ಯದ ಕಲ್ಲಿನ ಕಡೆ ಹೊರಟಳು. ಇವರು ಅಡ್ಡ ನಿಂತರು.

“ಪಾರಮ್ಮ, ಆ ಮೂಲಿ ಬ್ಯಾಡವ್ವ. ಈ ಸಲ ಅವನು ಮಲಗಿರೋ ಕಡಿಂದ ಶುರು ಮಾಡೋಣ. ಆ ಮೂಲಿ ಅವಂಗ ತೋರಿಸಿದಾಂವ ನಾನ.”

ಅವಳಿಗೆ ಎಲ್ಲ ಗೊತ್ತಿತ್ತು. ಆಸ್ಪತ್ರೆಯಲ್ಲಿ ಗಂಡನೇ ಹೇಳಿದ್ದನಂತೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ, ಎರಡು ಬೈದಿದ್ದರೆ, ಇವತ್ತಿಗೆ ಇವರು ಒಂದಿಷ್ಟಾದರೂ ಹಗುರಾಗಿರುತ್ತಿದ್ದರು.

“ದೇವರ ಮೂಲಿ ಏನ್ ಮಾಡೇತಣ್ಣ? ನಮ್ಮ ಮಾವನ ಕಾಲದಿಂದ ಕಾಯ್ಕೊಂಡು ಬಂದೈತಿ, ಯಾರನ್ನೂ ಕೊಂದಿಲ್ಲ.” ಕೈಯಲ್ಲಿದ್ದ ಕಾಯಿಯ ನಾರು ಬಿಡಿಸಿದಳು. “ಗಾಳಿ ಅಂತ ಒಂದು ಮಾತು ಅಂದಿದ್ರ ಸಾಕಿತ್ತು. ವರ್ಷಾ ಕಣದಾಗ ಭತ್ತ ತೂರೋ ಮಂದಿ ನಾವು. ಹೊಟ್ಟು ಮೈಮ್ಯಾಲ ಬರದಂಗ ಯಾವ ಕಡೆ ನಿಂದ್ರಬೇಕು ಅನ್ನೋದು ನಮ್ಮ ಕೂಸಿಗೂ ಗೊತ್ತೈತಿ. ಗಾಳಿ ತಿರುಗೇತಿ ಅಂತ ಯಾಕ ಹೇಳಲಿಲ್ಲಣ್ಣ?”

ಅವಳು ನಿಜವಾಗಿಯೂ ತಿಳಿಯಲೆಂದೇ ಕೇಳುತ್ತಿದ್ದಳು. ಉತ್ತರಕ್ಕಾಗಿ ಇವರ ಮುಖವನ್ನೇ ನೋಡುತ್ತ ಕಾದಳು. ನಾನು ಹತ್ತಿರ ಹೋಗಿ ಇವರ ಕೈ ಹಿಡಿದುಕೊಂಡೆ. ಕೊನೆಗೆ ಪಾರಮ್ಮ ತಾನೇ ಹೋಗಿ ಕಾಯಿ ಒಡೆದು, ಕಲ್ಲಿಗೆ ಕೈಮುಗಿದು, ಕೆಸರಿಗಿಳಿದು ಮೊದಲ ಸಸಿ ನೆಟ್ಟಳು. ಹೆಣ್ಣಾಳುಗಳು ಅವಳ ಪಕ್ಕ ಸಾಲುಗಟ್ಟಿದರು. ಪಡುವಣ ಗಾಳಿಗೆ ಅವರ ಸೆರಗುಗಳು ಹಾರುತ್ತಿದ್ದವು.

ಸಂಜೆಯ ಬಸ್ಸಿಗೆ ತಿರುಗಿ ಹೊರಟೆವು. ಪಾರಮ್ಮ ಕಟ್ಟಿಕೊಟ್ಟ ಬುತ್ತಿ ನನ್ನ ಮಡಿಲಲ್ಲಿತ್ತು. ಕುರುಗೋಡಿನಲ್ಲಿ ಬಸ್ಸು ನಿಂತಾಗ ಇವರು ಗುಡಿಯ ಕಡೆ ನೋಡಿದರು. ಆಮೇಲೆ ಬಸ್ಸಿನ ತುಂಬ ಜನರಿದ್ದಾರೆ ಎನ್ನುವುದನ್ನೂ ಮರೆತು, ನನ್ನ ಕೈ ಹಿಡಿದು, ಯಾಕೆ ಹೇಳಲಿಲ್ಲ ನಾನು, ಯಾಕೆ ಹೇಳಲಿಲ್ಲ ಎಂದು ಅಳತೊಡಗಿದರು. ಯಾಕೆ ಎನ್ನುವುದು ನನಗೆ ಗೊತ್ತಿತ್ತು. ಗಾಳಿಯ ವಿಚಾರ ಆ ರೈತರಿಗೆ ತಿಳಿಯುವುದಿಲ್ಲ ಎಂದುಕೊಂಡಿರಿ, ಅದಕ್ಕೆ ಹೇಳಲಿಲ್ಲ. ಅಷ್ಟು ಹೇಳಲು ನನ್ನ ಬಾಯಿಗೂ ಆಗಲಿಲ್ಲ. ಬಳ್ಳಾರಿ ಬರುವವರೆಗೆ ಆ ಕೈಯನ್ನು ಹಿಡಿದುಕೊಂಡೇ ಕೂತಿದ್ದೆ.